ಹಲ್ಲಿಯ ಬಣ್ಣಕ್ಕೊಂದು ಹೆಸರು, ಮೊಟ್ಟೆಗೊಂದು ಲೆಕ್ಕ

ಹಲ್ಲಿ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಶಕುನ. ಮಾತಿನ ನಡುವೆ ಲೊಚಗುಟ್ಟಿದರೆ ಅಜ್ಜಿ 'ಸತ್ಯ' ಎಂದು ನೆಲ ತಟ್ಟುತ್ತಾಳೆ. ಮೈಮೇಲೆ ಬಿದ್ದರೆ ಎಡಭುಜವೋ ಬಲಭುಜವೋ ಎಂದು ಪಂಚಾಂಗ ತೆಗೆದು ನೋಡುತ್ತಾರೆ. ಅದೇ ಹಲ್ಲಿಯನ್ನು ದುಡ್ಡು ಕೊಟ್ಟು ತಂದು, ಹಣ್ಣಿನ ಪುಡಿ ಕಲಸಿ ತಿನ್ನಿಸಿ, ಹದಿನೈದು ಇಪ್ಪತ್ತು ವರ್ಷ ಸಾಕುವವರಿದ್ದಾರೆ ಎಂದರೆ ನಗುವವರೇ ಹೆಚ್ಚು.

ಆದರೆ ಈಗ ಊರಿನ ಹುಡುಗರ ಮೊಬೈಲಿನಲ್ಲಿ ಅಂಥದ್ದೊಂದು ಹಲ್ಲಿ ಓಡಾಡುತ್ತಿದೆ. ಅದರ ಹೆಸರು ಕ್ರೆಸ್ಟೆಡ್ ಗೆಕ್ಕೊ. ತಲೆಯ ಎರಡೂ ಅಂಚಿನಲ್ಲಿ ಮೆತ್ತನೆಯ ಮುಳ್ಳಿನ ಸಾಲು, ಕಣ್ಣಿನ ಮೇಲೆ ರೆಪ್ಪೆಗೂದಲಿನಂಥ ಎಳೆ. ಕೆಂಪು, ಹಳದಿ, ಕಪ್ಪು, ಕೆನೆಬಿಳಿ, ಹೀಗೆ ಬಣ್ಣ ಹಲವು. ಬಣ್ಣಕ್ಕೊಂದು ಹೆಸರು, ಹೆಸರಿಗೊಂದು ಬೆಲೆ. 'ಇದನ್ನು ಸಾಕಿ ಮರಿ ಮಾಡಿಸಿದರೆ ಕುರಿಗಿಂತ ಲಾಭ ಅಂತಾರಲ್ಲ, ಹೌದಾ?' ಎಂದು ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ.

ನಾವು ಹಲ್ಲಿ ಸಾಕುವವರಲ್ಲ. ರೇಷ್ಮೆ, ಹಸು, ಕುರಿ ಸಾಕುವ ಮನೆಗಳಲ್ಲಿ ಬೆಳೆದು, ಪತ್ರಿಕೋದ್ಯಮ ಓದಿ ಬಂದವರು. ತಳಿ, ಬೀಜ, ಮೊಟ್ಟೆ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ದಿನಾ ಕೇಳುವಂಥವು. ಆ ಕಿವಿಯಿಂದಲೇ ಈ ಹಲ್ಲಿಯ ಕಥೆಯನ್ನೂ ಕೇಳಿಸಿಕೊಂಡೆವು, ಓದಿದೆವು, ಕಾಗದದ ಮೇಲೆ ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಹೇಳುತ್ತೇವೆ. ಲಾಭದ ಪ್ರಶ್ನೆಗೆ ಉತ್ತರ ಕೊನೆಗೆ ಬರುತ್ತದೆ. ಅದಕ್ಕೂ ಮುಂಚೆ ಹಲ್ಲಿಯ ಊರು, ಅದರ ಬಣ್ಣ, ಅದರ ಮೊಟ್ಟೆ, ಈ ಮೂರನ್ನೂ ನೋಡಬೇಕು.

ಇದರ ಊರು ನ್ಯೂ ಕ್ಯಾಲೆಡೋನಿಯಾ. ಆಸ್ಟ್ರೇಲಿಯಾದ ಪೂರ್ವಕ್ಕೆ, ಪೆಸಿಫಿಕ್ ಸಾಗರದಲ್ಲಿರುವ ದ್ವೀಪಗಳ ನಾಡು. ಫ್ರಾನ್ಸಿನ ಆಡಳಿತಕ್ಕೆ ಸೇರಿದ್ದು. ಅಲ್ಲಿನ ದೊಡ್ಡ ದ್ವೀಪದ ದಕ್ಷಿಣ ಭಾಗದ ಕಾಡಿನಲ್ಲಿ, ಪಕ್ಕದ ಐಲ್ ಆಫ್ ಪೈನ್ಸ್ ಎಂಬ ಸಣ್ಣ ದ್ವೀಪದಲ್ಲಿ ಈ ಹಲ್ಲಿ ಇದೆ. ಹಗಲು ಎಲೆಗಳ ಮರೆಯಲ್ಲಿ ಮಲಗಿ, ರಾತ್ರಿ ಎದ್ದು ಹಣ್ಣು, ಹೂವಿನ ಮಕರಂದ, ಹುಳುಹುಪ್ಪಟೆ ತಿನ್ನುತ್ತದೆ. ಕಣ್ಣಿಗೆ ನಿಜವಾದ ರೆಪ್ಪೆಯೇ ಇಲ್ಲ. ಧೂಳು ಬಿದ್ದರೆ ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ನಮ್ಮ ಮನೆಹಲ್ಲಿಗೆ ಬಾಲ ಕಡಿದರೆ ಮತ್ತೆ ಬರುತ್ತದಲ್ಲ, ಇದಕ್ಕೆ ಒಮ್ಮೆ ಹೋದ ಬಾಲ ಹೋದಂತೆಯೇ. ಕಾಡಿನಲ್ಲಿ ಸಿಗುವ ದೊಡ್ಡ ಹಲ್ಲಿಗಳಲ್ಲಿ ಬಾಲವಿಲ್ಲದವೇ ಹೆಚ್ಚು.

ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಆಲ್ಫೋನ್ಸ್ ಗಿಶೆನೊ 1866ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟರು. ಆಮೇಲೆ ಇದು ಕಣ್ಣಿಗೆ ಬೀಳದೆ, ಅಳಿದೇ ಹೋಯಿತು ಎಂದು ಎಲ್ಲರೂ ಭಾವಿಸಿದ್ದರು. 1994ರಲ್ಲಿ ಜರ್ಮನಿಯ ರಾಬರ್ಟ್ ಸೈಪ್ ಅವರ ನೇತೃತ್ವದ ತಂಡಕ್ಕೆ, ಬಿರುಗಾಳಿ ಮಳೆ ಹಾದುಹೋದ ಮೇಲೆ, ಮತ್ತೆ ಸಿಕ್ಕಿತು. ಆಗ ಕೆಲವನ್ನು ಯುರೋಪ್, ಅಮೆರಿಕಗಳಿಗೆ ತಂದರು. ಆಮೇಲೆ ನ್ಯೂ ಕ್ಯಾಲೆಡೋನಿಯಾ ಇವನ್ನು ಹೊರಗೆ ಕಳಿಸಲು ಅನುಮತಿ ಕೊಡುವುದನ್ನು ನಿಲ್ಲಿಸಿತು. ಇಂದು ಜಗತ್ತಿನ ಮನೆಮನೆಗಳ ಗಾಜಿನ ಪೆಟ್ಟಿಗೆಯಲ್ಲಿರುವ ಕ್ರೆಸ್ಟೆಡ್ ಗೆಕ್ಕೊಗಳು ಹೆಚ್ಚುಕಡಿಮೆ ಆ ಕೆಲವೇ ಹಲ್ಲಿಗಳ ಮೊಮ್ಮಕ್ಕಳು, ಮರಿಮಕ್ಕಳು.

ತವರಿನ ಕಾಡಿನಲ್ಲಿ ಅದರ ಪಾಡು ಚೆನ್ನಾಗಿಲ್ಲ. ಹೊರಗಿನಿಂದ ಬಂದ ಇಲಿ, ಬೆಕ್ಕುಗಳ ಜೊತೆಗೆ ಒಂದು ಪುಟ್ಟ ಬೆಂಕಿ ಇರುವೆಯೂ ಅಲ್ಲಿ ನೆಲೆಯೂರಿದೆ. ಅದು ಕಚ್ಚಿದರೆ ಉರಿ. ಗುಂಪಾಗಿ ಮುತ್ತಿದರೆ ಹಲ್ಲಿ ಉಳಿಯುವುದಿಲ್ಲ. ಅಳಿವಿನ ಅಪಾಯವಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಅಂದರೆ ಕಾಡಿನಲ್ಲಿ ಕಷ್ಟದಲ್ಲಿರುವ ಜೀವಿ, ಪೆಟ್ಟಿಗೆಯಲ್ಲಿ ಸಾವಿರಗಟ್ಟಲೆ ಹುಟ್ಟುತ್ತಿದೆ. ಪೆಟ್ಟಿಗೆಯಲ್ಲಿ ಹುಟ್ಟುವುದರ ಹೊಣೆ ಪೂರ್ತಿ ಮನುಷ್ಯನದು.

ಈಗ ಬಣ್ಣದ ವಿಷಯಕ್ಕೆ ಬರೋಣ. ಸಾಕುವವರು ಬಣ್ಣ ಮತ್ತು ಗೆರೆಯ ಬಗೆಗಳನ್ನು 'ಮಾರ್ಫ್' ಎನ್ನುತ್ತಾರೆ. ಮಾರ್ಫ್ ಎಂದರೆ ಬೇರೆ ಜಾತಿಯಲ್ಲ, ಬೇರೆ ತಳಿಯೂ ಅಲ್ಲ. ಒಂದೇ ಜಾತಿಯ ಹಲ್ಲಿಯ ಬೇರೆ ಬೇರೆ ರೂಪ.

ನಮ್ಮ ಕೊಟ್ಟಿಗೆಯಲ್ಲಿ ಕೆಂಪು ಹಸುವಿಗೆ ಕೆಂಪಿ ಎನ್ನುತ್ತೇವೆ, ಕಪ್ಪಗಿದ್ದರೆ ಕಾಳಿ, ಹಣೆಯಲ್ಲಿ ಬಿಳಿ ಚುಕ್ಕೆ ಇದ್ದರೆ ಚುಕ್ಕಿ. ಆ ಹೆಸರು ಕೇಳಿದರೆ ಹಸು ಹೇಗಿದೆ ಎಂದು ಗೊತ್ತಾಗುತ್ತದೆ. ಎಷ್ಟು ಹಾಲು ಕೊಡುತ್ತದೆ, ಅದರ ಕರು ಯಾವ ಬಣ್ಣ ಬರುತ್ತದೆ ಎಂದು ಗೊತ್ತಾಗುವುದಿಲ್ಲ. ಕ್ರೆಸ್ಟೆಡ್ ಗೆಕ್ಕೊದ ಹಳೆಯ ಮಾರ್ಫ್ ಹೆಸರುಗಳಲ್ಲಿ ಬಹುಪಾಲು ಇದೇ ರೀತಿಯವು.

ಗೆರೆಯೇ ಇಲ್ಲದೆ ತೊಗಲಿನ ಬಣ್ಣಕ್ಕಿದ್ದರೆ ಬಕ್‌ಸ್ಕಿನ್. ಬೆನ್ನು ಒಂದು ಬಣ್ಣ, ಪಕ್ಕೆ ಇನ್ನೊಂದು ಬಣ್ಣವಾದರೆ ಬೈಕಲರ್. ಹುಲಿಯಂತೆ ಅಡ್ಡಪಟ್ಟೆ ಇದ್ದರೆ ಟೈಗರ್, ಆ ಪಟ್ಟೆ ಒಡೆದು ಚದುರಿದಂತಿದ್ದರೆ ಬ್ರಿಂಡಲ್. ಬೆನ್ನ ಮೇಲೆ ಕೆನೆ ಬಣ್ಣ ಹರಡಿ, ಪಕ್ಕೆಯಲ್ಲಿ ಅಲ್ಲಲ್ಲಿ ಮಾತ್ರ ಇಣುಕಿದರೆ ಫ್ಲೇಮ್. ಅದೇ ಕೆನೆ ಬಣ್ಣ ಪಕ್ಕೆಗೂ ಕಾಲುಗಳಿಗೂ ಧಾರಾಳವಾಗಿ ಇಳಿದರೆ ಹಾರ್ಲೆಕ್ವಿನ್. ಬೆನ್ನಿನ ಎರಡು ಅಂಚಿನ ಎದ್ದುನಿಂತ ಹುರುಪೆಗಳು ಕೆನೆ ಬಣ್ಣದ ದಾರ ಎಳೆದಂತೆ ಕಂಡರೆ ಪಿನ್‌ಸ್ಟ್ರೈಪ್. ಮೈಮೇಲೆ ಕಪ್ಪು ಅಥವಾ ಕೆಂಪು ಚುಕ್ಕೆ ಎರಚಿದಂತಿದ್ದರೆ ಡಾಲ್ಮೇಷನ್. ಒಂದೇ ಹಲ್ಲಿ ಹಾರ್ಲೆಕ್ವಿನ್ ಕೂಡ, ಪಿನ್‌ಸ್ಟ್ರೈಪ್ ಕೂಡ, ಚುಕ್ಕೆಯದೂ ಆಗಿರಬಹುದು.

ಕೇಳಲು ಸುಲಭ, ಗುರುತಿಸುವುದು ಕಷ್ಟ. ಅದಕ್ಕೆ ಎರಡು ಕಾರಣ.

ಮೊದಲನೆಯದು, ಈ ಹಲ್ಲಿ ದಿನದಲ್ಲೇ ಬಣ್ಣ ಬದಲಿಸುತ್ತದೆ. ರಾತ್ರಿ ಚುರುಕಾದಾಗ, ತೇವ ಹೆಚ್ಚಿದಾಗ, ಹೆದರಿದಾಗ ಬಣ್ಣ ಕಡುವಾಗುತ್ತದೆ. ಹಗಲು ಮಲಗಿದಾಗ ಮಾಸಲಾಗುತ್ತದೆ. ಸಾಕುವವರು ಮೊದಲನೆಯದಕ್ಕೆ 'ಫೈರ್ಡ್ ಅಪ್' ಎನ್ನುತ್ತಾರೆ, ಎರಡನೆಯದಕ್ಕೆ 'ಫೈರ್ಡ್ ಡೌನ್'. ಮಾರುವವರು ಹಾಕುವ ಫೋಟೊ ಮೊದಲನೆಯದೇ ಆಗಿರುವುದು ಸಹಜ. ಸಂತೆಗೆ ಎತ್ತು ಹೊಡೆದುಕೊಂಡು ಹೋಗುವವನು ಕೊಂಬಿಗೆ ಎಣ್ಣೆ ಹಚ್ಚದೆ ಹೋಗುತ್ತಾನೆಯೇ? ಆದ್ದರಿಂದ ತಿಳಿದವರು ಒಂದು ಫೋಟೊ ನೋಡಿ ಹೆಸರಿಡುವುದಿಲ್ಲ. ಹಗಲಿನದೊಂದು, ರಾತ್ರಿಯದೊಂದು, ಬೆನ್ನಿನದು, ಎರಡೂ ಪಕ್ಕೆಯದು, ಹೀಗೆ ಬೇರೆ ಬೇರೆ ದಿನದ ಫೋಟೊ ನೋಡುತ್ತಾರೆ.

ಎರಡನೆಯದು, ಮರಿಯ ಬಣ್ಣ ದೊಡ್ಡದಾದ ಮೇಲೆ ಉಳಿಯುವುದಿಲ್ಲ. ಮೊಟ್ಟೆಯೊಡೆದು ಬಂದಾಗ ಕೆಂಪಗೆ ಕಾಣುವ ಎಷ್ಟೋ ಮರಿಗಳು ಬೆಳೆಯುತ್ತ ಕಂದು, ಹಳದಿ ಆಗುತ್ತವೆ. ಗೆರೆ, ಚುಕ್ಕೆ ಆಮೇಲೆ ಮೂಡುವುದೂ ಉಂಟು. ಒಂದು ತಿಂಗಳ ಮರಿಗೆ ದೊಡ್ಡ ಹೆಸರಿಟ್ಟು ದೊಡ್ಡ ಬೆಲೆ ಹೇಳಿದರೆ, ಅದು ಹಲ್ಲಿಯ ಬೆಲೆಯಲ್ಲ, ಊಹೆಯ ಬೆಲೆ.

ಈ ಹೆಸರುಗಳು ತಪ್ಪಾದರೆ ಹೆಚ್ಚೆಂದರೆ ದುಡ್ಡು ಹೋಗುತ್ತದೆ. ಆದರೆ ಇನ್ನೊಂದು ಬಗೆಯ ಮಾರ್ಫ್‌ಗಳಿವೆ. ಅಲ್ಲಿ ಗುರುತು ತಪ್ಪಿದರೆ ಜೀವ ಹೋಗುತ್ತದೆ.

ಹಾರ್ಲೆಕ್ವಿನ್‌ನಂಥ ರೂಪಗಳಲ್ಲಿ ಹಲವು ಜೀನುಗಳು ಸೇರಿ ಕೆಲಸ ಮಾಡುತ್ತವೆ. ತಂದೆತಾಯಿಯ ಹೋಲಿಕೆ ಬರುತ್ತದೆ, ಆದರೆ ಇಂತಿಷ್ಟೇ ಎಂದು ಲೆಕ್ಕ ಸಿಗುವುದಿಲ್ಲ. ಇನ್ನು ಕೆಲವು ರೂಪಗಳ ಹಿಂದೆ ಇರುವುದು ಒಂದೇ ಜೀನು. ಅವುಗಳ ಲೆಕ್ಕ ಮೆಂಡೆಲ್ ಬಟಾಣಿ ಗಿಡದಲ್ಲಿ ತೋರಿಸಿದ ಲೆಕ್ಕವೇ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನಾಲ್ಕು ಮನೆಯ ಚೌಕ ಬರೆದು ಕಲಿತದ್ದು ನಿಮಗೂ ನೆನಪಿರಬಹುದು.

ಅಂಥದ್ದರಲ್ಲಿ ಒಂದು ಆಕ್ಸಾಂಥಿಕ್. ಮೈಯಲ್ಲಿ ಹಳದಿ, ಕೆಂಪು ಬಣ್ಣವೇ ಇರುವುದಿಲ್ಲ. ಬೂದು, ಕಪ್ಪು, ಬಿಳಿ ಮಾತ್ರ. ಇದು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಜೀನಿನ ಎರಡೂ ಪ್ರತಿ ಬಂದರೆ ಮಾತ್ರ ಕಣ್ಣಿಗೆ ಕಾಣುತ್ತದೆ. ಒಂದೇ ಪ್ರತಿ ಇದ್ದರೆ ಹಲ್ಲಿ ಮಾಮೂಲಿಯಂತೆ ಕಾಣುತ್ತದೆ, ಒಳಗೆ ಗುಣ ಹೊತ್ತಿರುತ್ತದೆ. ಸಾಕುವವರು ಇದಕ್ಕೆ 'ಹೆಟ್' ಎನ್ನುತ್ತಾರೆ. ಇಬ್ಬರು ಹೆಟ್‌ಗಳು ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಆಕ್ಸಾಂಥಿಕ್, ಎರಡು ಹೆಟ್, ಒಂದಕ್ಕೆ ಆ ಗುಣವೇ ಇಲ್ಲ. ಮಾಮೂಲಿಯಾಗಿ ಕಾಣುವ ಮೂರರಲ್ಲಿ ಎರಡು ಹೆಟ್. ಅದಕ್ಕೇ ಅಂಥ ಮರಿಗಳನ್ನು 'ಶೇ 66 ಹೆಟ್' ಎಂದು ಬರೆದು ಮಾರುತ್ತಾರೆ. ಅದನ್ನು ಓದಿ, ಈ ಹಲ್ಲಿಯಲ್ಲಿ ಶೇ 66ರಷ್ಟು ಆ ಗುಣವಿದೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇರುವ ಸಾಧ್ಯತೆ ಮೂರರಲ್ಲಿ ಎರಡು. ಇದನ್ನು ಎಷ್ಟು ದಿಟ್ಟಿಸಿ ನೋಡಿದರೂ ಕಣ್ಣಿನಿಂದ ಗುರುತಿಸಲಾಗದು. ಕೊಳ್ಳುವವನಿಗೆ ತಂದೆತಾಯಿ ಯಾರು ಎಂಬ ಬರಹವೇ ಮುಖ್ಯ ಆಧಾರ.

ಇನ್ನೊಂದು ಲಿಲಿ ವೈಟ್. ನಾವು ಈ ಬರಹ ಬರೆಯಲು ಮುಖ್ಯ ಕಾರಣವೇ ಇದು. ಬ್ರಿಟನ್ನಿನಲ್ಲಿ ಮೊದಲು ಕಾಣಿಸಿಕೊಂಡ ಈ ರೂಪ ನೋಡಲು ತುಂಬ ಚೆಂದ. ಪಕ್ಕೆಯ ಕೆಳಭಾಗದಿಂದ ಹಾಲು ಚೆಲ್ಲಿದಂತೆ ಬಿಳಿ ಮೇಲೇರಿರುತ್ತದೆ. ಬೆನ್ನ ಮೇಲೂ ಬಾಲದ ಕಡೆಗೂ ಬಿಳಿ. ಇದರ ಜೀನು ಒಂದೇ ಪ್ರತಿ ಬಂದರೂ ಬಣ್ಣ ಕಾಣುತ್ತದೆ. ಎರಡು ಪ್ರತಿ ಬಂದರೆ? ಮರಿ ಮೊಟ್ಟೆಯೊಳಗೇ ಸಾಯುತ್ತದೆ, ಇಲ್ಲವೇ ಹೊರಬಂದು ಸ್ವಲ್ಪ ಕಾಲದಲ್ಲಿ ಸಾಯುತ್ತದೆ. ಸಾಕುವವರು ಅನುಭವದಿಂದ ಕಂಡುಕೊಂಡ ಸಂಗತಿ ಇದು.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಲಿಲಿ ವೈಟ್ ಗಂಡನ್ನು ಮಾಮೂಲಿ ಹೆಣ್ಣಿನ ಜೊತೆ ಬಿಟ್ಟರೆ, 100 ಮೊಟ್ಟೆಗೆ ಸರಾಸರಿ 50 ಲಿಲಿ ವೈಟ್, 50 ಮಾಮೂಲಿ. ಎರಡೂ ಲಿಲಿ ವೈಟ್ ಆದರೆ 100 ಮೊಟ್ಟೆಗೆ 50 ಲಿಲಿ ವೈಟ್, 25 ಮಾಮೂಲಿ, ಉಳಿದ 25 ಎರಡು ಪ್ರತಿಯವು, ಸಾಯುವಂಥವು.

ಎರಡೂ ಸಾಲನ್ನು ಮತ್ತೊಮ್ಮೆ ನೋಡಿ. ಬಿಳಿ ಮರಿಗಳು ಅಲ್ಲೂ 50, ಇಲ್ಲೂ 50. ಬಿಳಿಗೆ ಬಿಳಿ ಸೇರಿಸಿದರೆ ಇನ್ನೂ ಹೆಚ್ಚು ಬಿಳಿ ಬರುತ್ತದೆ ಎಂಬುದು ನಮ್ಮೆಲ್ಲರ ತಲೆಗೆ ಮೊದಲು ಹೊಳೆಯುವ ಲೆಕ್ಕ. ಆದರೆ ಒಂದೇ ಒಂದು ಬಿಳಿ ಮರಿಯೂ ಹೆಚ್ಚಿಗೆ ಬರುವುದಿಲ್ಲ. ಹೆಚ್ಚಿಗೆ ಬರುವುದು 25 ಸಾವು. ತಾಯಿ ಹಲ್ಲಿ ತನ್ನ ಮೈಯ ಸುಣ್ಣ ಬಸಿದು ಕಟ್ಟಿದ ಮೊಟ್ಟೆಗಳಲ್ಲಿ ಕಾಲುಭಾಗ ಸುಮ್ಮನೆ ಹೋಗುತ್ತವೆ.

ಇಲ್ಲಿಗೆ ಗುರುತಿಸುವ ವಿಷಯ, ಮರಿ ಮಾಡಿಸುವ ವಿಷಯ ಎರಡೂ ಒಂದೇ ಆಯಿತು. ಬಿಳಿ ಹೆಚ್ಚಿರುವ ಹಾರ್ಲೆಕ್ವಿನ್‌ಗೂ ಬಿಳಿ ಕಡಿಮೆ ಇರುವ ಲಿಲಿ ವೈಟ್‌ಗೂ ನೋಟದಲ್ಲಿ ಗೊಂದಲವಾಗುವುದುಂಟು. ಒಬ್ಬ ಅದನ್ನು ಬರೀ 'ಬಿಳಿ ಹಾರ್ಲೆಕ್ವಿನ್' ಎಂದು ಮಾರಿದ; ಕೊಂಡವನು ತನ್ನಲ್ಲಿದ್ದ ಲಿಲಿ ವೈಟ್ ಜೊತೆ ಬಿಟ್ಟ ಎಂದುಕೊಳ್ಳಿ. ಮೊಟ್ಟೆ ಕೊಳೆತಾಗ ಅವನು ತೇವ ಹೆಚ್ಚಾಯಿತೇನೋ, ಬಿಸಿ ಕಡಿಮೆಯಾಯಿತೇನೋ ಎಂದು ಪೆಟ್ಟಿಗೆ ಬದಲಿಸುತ್ತಾನೆ. ಕಾರಣ ಇರುವುದು ಜೋಡಿಯಲ್ಲಿ. ಅದನ್ನು ಹೇಳಬಲ್ಲದ್ದು ಪೆಟ್ಟಿಗೆಯಲ್ಲ, ತಂದೆತಾಯಿಯ ದಾಖಲೆ.

ಕ್ಯಾಪುಚಿನೊ ಎಂಬ ಕಾಫಿ ಬಣ್ಣದ ರೂಪವೂ ಇದೇ ಬಗೆಯದು. ಒಂದು ಪ್ರತಿ ಇದ್ದಾಗ ತೊಂದರೆ ಕಾಣದು. ಎರಡು ಪ್ರತಿ ಬಂದ ಕೆಲವು ಮರಿಗಳಲ್ಲಿ ಮೂಗಿನ ಹೊಳ್ಳೆ ತೀರ ಕಿರಿದಾಗಿರುವುದನ್ನು ಸಾಕುವವರೇ ಹೇಳಿದ್ದಾರೆ. ಉಸಿರಾಡುವ ದಾರಿಯೇ ಕಿರಿದಾದರೆ ಬಣ್ಣ ಕಟ್ಟಿಕೊಂಡು ಏನು ಮಾಡುವುದು?

ಬಣ್ಣದ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇದರ ದೂರದ ನೆಂಟ ಲೆಪರ್ಡ್ ಗೆಕ್ಕೊದಲ್ಲಿ ಒಂದು ಉದಾಹರಣೆ ಇದೆ. ನಿಂಬೆಹಳದಿ ಮೈಯ, ಹೊಳೆಯುವ 'ಲೆಮನ್ ಫ್ರಾಸ್ಟ್' ಎಂಬ ರೂಪ ಅಮೆರಿಕದಲ್ಲಿ ಬಂತು. ಜನ ಮುಗಿಬಿದ್ದು ಕೊಂಡರು. ಆಮೇಲೆ ಆ ಹಲ್ಲಿಗಳ ಚರ್ಮದ ಮೇಲೆ ಬಿಳಿ ಗಡ್ಡೆಗಳು ಏಳತೊಡಗಿದವು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣ ಗೊತ್ತಾಯಿತು. ಆ ಹೊಳಪು ಕೊಡುವ ಚರ್ಮಕೋಶಗಳೇ ಮಿತಿಮೀರಿ ಬೆಳೆದು ಗಡ್ಡೆಯಾಗುತ್ತವೆ. ಲೆಮನ್ ಫ್ರಾಸ್ಟ್ ಹಲ್ಲಿಗಳಲ್ಲಿ ಶೇ 80ಕ್ಕೂ ಹೆಚ್ಚಿನವಕ್ಕೆ ಈ ಗಡ್ಡೆ ಬರುತ್ತದೆ. ಅಂದರೆ ಬಣ್ಣ ಬೇರೆ, ರೋಗ ಬೇರೆ ಅಲ್ಲ. ಕೊಂಡವರು ಇಷ್ಟಪಟ್ಟ ಹೊಳಪೇ ರೋಗದ ಬೇರು. ಇದು ಗೊತ್ತಾದ ಮೇಲೆ ಹಲವರು ಆ ರೂಪವನ್ನು ಬೆಳೆಸುವುದನ್ನೇ ಕೈಬಿಟ್ಟರು. ಹಾಗೆ ಕೈಬಿಡುವುದೂ ತಳಿ ಬೆಳೆಸುವವನ ಕೆಲಸವೇ.

ಇದನ್ನು ಓದುವಾಗ ನಮಗೆ ನೆನಪಾದದ್ದು ರೇಷ್ಮೆ ಬಿತ್ತನೆ ಕೋಠಿ. ರೇಷ್ಮೆ ಸಾಕುವ ಮನೆಯವರು ತಮ್ಮ ಗೂಡಿನಿಂದ ತಾವೇ ಚಿಟ್ಟೆ ಮಾಡಿ ಮೊಟ್ಟೆ ಇಡಿಸುವುದಿಲ್ಲ. ಕೋಠಿಯಿಂದ ಮೊಟ್ಟೆ ತರುತ್ತಾರೆ. ಅಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೆಬ್ರಿನ್ ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡುತ್ತಾರೆ. ತಾಯಿಯಿಂದ ಮೊಟ್ಟೆಗೆ ಆ ರೋಗ ದಾಟುತ್ತದೆ ಎಂದು 19ನೇ ಶತಮಾನದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ ದಾರಿ ಇದು. ರೈತನ ಮನೆಗೆ ಮೊಟ್ಟೆ ಬರುವ ಮುಂಚೆಯೇ ತಾಯಿಯ ವಿಚಾರಣೆ ಆಗಿರುತ್ತದೆ. ಕುರಿ ಸಾಕುವವರೂ ಅಷ್ಟೇ. ಎರಡು ಮೂರು ವರ್ಷಕ್ಕೊಮ್ಮೆ ಬೇರೆ ಊರಿನ ಟಗರು ತರುತ್ತಾರೆ, ತಂದೆಯೇ ಮಗಳ ಮೇಲೆ ಹೋಗಬಾರದೆಂದು. ಹಲ್ಲಿಯ ಲೋಕದಲ್ಲಿ ಬಿತ್ತನೆ ಕೋಠಿ ಇಲ್ಲ, ಇಲಾಖೆ ಇಲ್ಲ. ಜೋಡಿ ಬಿಡುವವನೇ ಕೋಠಿ, ಅವನೇ ಇಲಾಖೆ.

ಹಾಗಾದರೆ ಸರಿಯಾಗಿ ಮಾಡುವವರು ಹೇಗೆ ಮಾಡುತ್ತಾರೆ? ವಿದೇಶಗಳಲ್ಲಿ ಒಳ್ಳೆಯ ಸಾಕಣೆದಾರರು ಪಾಲಿಸುವ ಕ್ರಮ ಹೀಗಿದೆ.

ಹೆಣ್ಣಿಗೆ ಕನಿಷ್ಠ ಒಂದೂವರೆ ವರ್ಷ ತುಂಬಿ, ತೂಕ 35ರಿಂದ 40 ಗ್ರಾಂ ಆಗುವ ತನಕ ಗಂಡಿನ ಜೊತೆ ಬಿಡುವುದಿಲ್ಲ. ಎಳೆಯ ಕರುವಿಗೆ ಗಬ್ಬ ಕಟ್ಟಿಸಬಾರದು ಎಂದು ನಮ್ಮ ಹಿರಿಯರು ಹೇಳುವ ಮಾತೇ ಇದು. ತಲೆಕೆಳಗಾಗಿ ಜೋತಾಡಿ ಬಾಲ ಒಂದು ಕಡೆ ಬಿದ್ದು, ಸೊಂಟದ ಮೂಳೆ ಸೊಟ್ಟಗಾದ ಹೆಣ್ಣನ್ನು ಮರಿಗೆ ಬಳಸುವುದಿಲ್ಲ. ಮೊಟ್ಟೆ ಹೊರಬರದೆ ತಾಯಿಯೇ ಸಾಯಬಹುದು.

ಒಮ್ಮೆಗೆ ಎರಡು ಮೊಟ್ಟೆ. ಸುಮಾರು 30ರಿಂದ 45 ದಿನಕ್ಕೊಮ್ಮೆ, ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಇಡುತ್ತಲೇ ಇರುತ್ತದೆ. ಗಂಡಿನ ಬೀಜವನ್ನು ಹೆಣ್ಣು ತನ್ನೊಳಗೆ ತಿಂಗಳುಗಟ್ಟಲೆ ಉಳಿಸಿಕೊಳ್ಳಬಲ್ಲದು. ಒಂದು ಸಲ ಕೂಡಿಸಿ ಗಂಡನ್ನು ತೆಗೆದರೂ ಮೊಟ್ಟೆ ನಿಲ್ಲುವುದಿಲ್ಲ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಬಾಯಿಯ ಅಂಗುಳಿನ ಎರಡು ಬದಿಯ ಚೀಲಗಳಲ್ಲಿ ಕೂಡಿಟ್ಟಿರುತ್ತದೆ. ಬಾಯಿ ತೆರೆದಾಗ ಬಿಳಿ ಚೀಲ ತುಂಬಿದಂತೆ ಕಂಡರೆ ಸರಿ. ಬತ್ತಿದ್ದರೆ ಮೂಳೆಯಿಂದ ಸುಣ್ಣ ಎಳೆದುಕೊಳ್ಳುತ್ತಿದೆ ಎಂದರ್ಥ. ಆಮೇಲೆ ಕೈಕಾಲು ನಡುಗುವುದು, ದವಡೆ ಮೆತ್ತಗಾಗುವುದು, ಬೆನ್ನು ಡೊಂಕಾಗುವುದು ಶುರು. ಆದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಇರುವ ಆಹಾರ ತಪ್ಪಿಸುವುದಿಲ್ಲ. ಚಳಿಗಾಲದಲ್ಲಿ ಎರಡು ಮೂರು ತಿಂಗಳು ತಂಪಿನಲ್ಲಿಟ್ಟು, ಗಂಡಿನಿಂದ ದೂರವಿಟ್ಟು, ಮೊಟ್ಟೆಯಿಂದ ಬಿಡುವು ಕೊಡುತ್ತಾರೆ. ಹಾಲು ಬತ್ತಿಸಿ ಹಸುವಿಗೆ ಕೊಡುವ ಬಿಡುವಿನಂತೆ.

ಮೊಟ್ಟೆ ಸಿಕ್ಕ ಕೂಡಲೆ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಕೋಳಿಮೊಟ್ಟೆಯಂತೆ ಹೊರಳಿಸಬಾರದು, ಹೊರಳಿದರೆ ಒಳಗಿನ ಜೀವ ಸಾಯಬಹುದು. 22ರಿಂದ 24 ಡಿಗ್ರಿ ತಂಪಿನಲ್ಲಿ ಎರಡರಿಂದ ನಾಲ್ಕು ತಿಂಗಳು ಕಾದರೆ ಮರಿ. ಮರಿಯ ತೂಕ ಎರಡು ಗ್ರಾಂ ಆಸುಪಾಸು. ಒಂದರ ಬಾಲ ಒಂದು ಕಚ್ಚುತ್ತವೆ. ದೊಡ್ಡ ಗಂಡುಗಳಂತೂ ಒಟ್ಟಿಗಿದ್ದರೆ ಕಾದಾಡುತ್ತವೆ. ಹೀಗಾಗಿ ಮರಿಗೊಂದು ಡಬ್ಬ. ಒಂದು ಹೆಣ್ಣು ವರ್ಷಕ್ಕೆ ಏಳೆಂಟು ಸಲ ಇಟ್ಟರೆ 14ರಿಂದ 16 ಮೊಟ್ಟೆ. ಎರಡು ಹೆಣ್ಣಿದ್ದರೆ 30 ಡಬ್ಬ, 30 ಜೀವ, ಒಂದೊಂದಕ್ಕೆ ಹದಿನೈದು ವರ್ಷದ ಆಯಸ್ಸು. ಮೊದಲ ಜೋಡಿ ಬಿಡುವ ಮುಂಚೆಯೇ ಆ 30 ಮರಿ ಎಲ್ಲಿಗೆ ಹೋಗುತ್ತವೆ ಎಂದು ಕೇಳಿಕೊಳ್ಳುವವನೇ ಜವಾಬ್ದಾರಿಯ ಸಾಕಣೆದಾರ. ಹೆಚ್ಚಾದವನ್ನು ತೋಟಕ್ಕೆ ಬಿಟ್ಟರಾಯಿತು ಎನ್ನುವ ಮಾತು ನಡೆಯದು. ಹೊರಗಿನಿಂದ ಬಂದು ಬೇರೂರಿದ ಲಂಟಾನ, ಪಾರ್ಥೇನಿಯಂ ನಮ್ಮ ಹೊಲ ಗೋಮಾಳಗಳಿಗೆ ಏನು ಮಾಡಿವೆ ಎಂದು ನಿಮಗೆ ನಾವು ಹೇಳಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ನೋಟ್ ಪುಸ್ತಕ. ತಂದೆ ಯಾರು, ತಾಯಿ ಯಾರು, ಅವುಗಳ ತಂದೆತಾಯಿ ಯಾರು, ಯಾವ ದಿನ ಮೊಟ್ಟೆ, ಯಾವ ದಿನ ಮರಿ, ಯಾರಿಗೆ ಕೊಟ್ಟದ್ದು. ಕೊಳೆತ ಮೊಟ್ಟೆ, ಸತ್ತ ಮರಿಯನ್ನೂ ಬರೆಯಬೇಕು. ಹುಟ್ಟಿದ್ದನ್ನು ಮಾತ್ರ ಬರೆದರೆ ಅದು ಜಾಹೀರಾತು. ಸತ್ತದ್ದನ್ನೂ ಬರೆದರೆ ಅದು ದಾಖಲೆ. ಲಿಲಿ ವೈಟ್‌ನ ಆ 25ರ ಲೆಕ್ಕ ಜಗತ್ತಿಗೆ ತಿಳಿದದ್ದೂ ಸತ್ತ ಮೊಟ್ಟೆಗಳನ್ನು ಮುಚ್ಚಿಡದೆ ಹೇಳಿದವರಿಂದ.

ಇನ್ನು ಮೊದಲು ಕೇಳಿದ ಪ್ರಶ್ನೆ. ನಮ್ಮೂರಿನಲ್ಲಿ ಇದನ್ನು ಸಾಕಿ ದುಡ್ಡು ಮಾಡಬಹುದೇ? ಬೇಡ ಎಂಬುದೇ ನಮ್ಮ ಉತ್ತರ. ಏಕೆಂದು ಹೇಳುತ್ತೇವೆ.

ಇದಕ್ಕೆ ಹಿತವಾದದ್ದು 22ರಿಂದ 26 ಡಿಗ್ರಿ. 28 ದಾಟಿ ಹಾಗೇ ಉಳಿದರೆ ಸಂಕಟ ಶುರುವಾಗುತ್ತದೆ, ಇನ್ನೂ ಏರಿದರೆ ಸಾಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಮೈಸೂರು, ಹಾಸನದ ಕಡೆಯೂ ಏಪ್ರಿಲ್‌ನಲ್ಲಿ ಶೀಟಿನ ಮನೆಯೊಳಗೆ ಹೇಗಿರುತ್ತದೆ ಎಂದು ಗೊತ್ತು. ಹಗಲು ರಾತ್ರಿ ಏಸಿ ಹಾಕಬೇಕು. ಕರೆಂಟು ಹೋದ ಒಂದು ಮಧ್ಯಾಹ್ನ ಸಾಕು, 30 ಡಬ್ಬ ಖಾಲಿಯಾಗಲು.

ಎರಡನೆಯದು ಕಾನೂನು. ವಿದೇಶದಿಂದ ಜೀವಂತ ಪ್ರಾಣಿ ತರಲು ಸರ್ಕಾರದ ಅನುಮತಿ, ರೋಗ ತಪಾಸಣೆ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ಅವುಗಳ ಬಗ್ಗೆ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಮರಿಯಾದರೂ ಸತ್ತರೂ ಹೇಳಬೇಕು. ಅದರ ನಿಯಮಗಳು 2024ರಲ್ಲಿ ಬಂದಿವೆ. ಬ್ಯಾಗಿನಲ್ಲಿ ಬಚ್ಚಿಟ್ಟು ತಂದ ಪ್ರಾಣಿಗಳು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿ ನೀವೂ ಓದಿರುತ್ತೀರಿ. ಕೊಳ್ಳುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ. ಮಾರುವವನ ಮಾತು ನಂಬಿ ಕೂರಬೇಡಿ. ಇದು ಸಿಗದಿದ್ದರೆ ನಮ್ಮ ಘಟ್ಟದ ಹಲ್ಲಿಯನ್ನೇ ಹಿಡಿದು ಸಾಕೋಣ ಎಂದಂತೂ ಹೊರಡಬೇಡಿ. ಪಶ್ಚಿಮಘಟ್ಟದ ಬಂಡೆ, ಮರಗಳಲ್ಲಿ ಬೇರೆಲ್ಲೂ ಇಲ್ಲದ ಹಲ್ಲಿಗಳಿವೆ. ಅವು ಅಲ್ಲೇ ಇರಲಿ.

ಮೂರನೆಯದು ಬೆಲೆ. ಎರಡು ಸಾವಿರದ ಇಸವಿಯ ಆರಂಭದಲ್ಲಿ ಮಲೆನಾಡಿನಲ್ಲಿ ವೆನಿಲಾ ಬೆಲೆ ಏರಿದಾಗ ಬಳ್ಳಿಯ ತುಂಡಿಗೂ ಕಾವಲು ಕಾದವರಿದ್ದರು. ಬೆಲೆ ಬಿದ್ದ ಮೇಲೆ ಅದೇ ಬಳ್ಳಿಯನ್ನು ಕಿತ್ತರು. ಎಮು ಹಕ್ಕಿ ಸಾಕಿದವರ ಕಥೆಯೂ ಅಷ್ಟೇ; ಕೊಳ್ಳುವವರಿಲ್ಲದೆ ಹಕ್ಕಿಗಳಿಗೆ ಮೇವು ಹಾಕಲಾಗದ ಸ್ಥಿತಿ ಬಂತು. ಬಣ್ಣದ ಹೆಸರಿನ ಮೇಲೆ ನಿಂತ ಬೆಲೆ, ಅದೇ ಬಣ್ಣ ಎಲ್ಲರ ಬಳಿ ಬಂದ ದಿನ ಇಳಿಯುತ್ತದೆ. ಬಳ್ಳಿಯನ್ನು ಕಿತ್ತು ಹಾಕಬಹುದು. ಹದಿನೈದು ವರ್ಷ ಬದುಕುವ ಜೀವವನ್ನು ಏನು ಮಾಡುತ್ತೀರಿ?

ಇಷ್ಟರ ಮೇಲೂ ಮನೆಯ ಮಗನೋ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ತಂಗಿಯೋ ಇಂಥದೊಂದು ಹಲ್ಲಿ ಕೊಳ್ಳಲು ಹೊರಟರೆ, ಮಾರುವವರನ್ನು ಮೂರು ಪ್ರಶ್ನೆ ಕೇಳಲು ಹೇಳಿ. ಇದರ ತಂದೆತಾಯಿಯ ಫೋಟೊ, ದಾಖಲೆ ತೋರಿಸುತ್ತೀರಾ? ಇದರ ಹಗಲಿನ ಬಣ್ಣ, ರಾತ್ರಿಯ ಬಣ್ಣ ಎರಡನ್ನೂ ತೋರಿಸುತ್ತೀರಾ? ಈ ಜೋಡಿಯ ಎಷ್ಟು ಮೊಟ್ಟೆ ಕೆಟ್ಟವು?

ಮೊದಲ ಎರಡಕ್ಕೆ ಉತ್ತರ ಕೊಡುವವರು ಸಿಗುತ್ತಾರೆ. ಮೂರನೆಯದಕ್ಕೆ ಪುಸ್ತಕ ತೆಗೆದು, ಪುಟ ತಿರುಗಿಸಿ, ಇಷ್ಟು ಎಂದು ಹೇಳುವವರ ಬಳಿ ಮಾತ್ರ ಕೊಳ್ಳಲಿ.